ಗಿಳಿಗೆ ಎರೆದ ಎಣ್ಣೆನೀರು

"ಗುರುಗಳೇ, ಪ್ರೀತಿಯಿಂದ ಮಾಡಿದ್ದೂ ಕೇಡಾಗುತ್ತದೆಯೇ?"

ಕೇಳಿದವನು ಮರುಳಸಿದ್ದಪ್ಪ. ಮಠಕ್ಕೆ ನಡೆದುಕೊಳ್ಳುವ ಗೃಹಸ್ಥ, ಸಂಗೀತ ಬಲ್ಲವನು. ಚೆನ್ನಾಜಿ ಎಂಬ ಮಗಳು ಅವನಿಗೆ.

ಗುರುಗಳು, "ಏನಾಯಿತು, ಹೇಳು" ಎಂದರು.

"ಚೆನ್ನಾಜಿ ಮೊದಲು ಮನೆ ತುಂಬ ಹಾಡ್ಕೊಂಡು ಓಡಾಡ್ತಿದ್ದಳು. ಒಳ್ಳೆ ಕಂಠ. ಬಾಯಿಗೆ ಬಂದ ಹಾಗೆ ಹಾಡಿ ಹಾಳಾಗಬಾರದು ಅಂತ ದಿನಾ ಬೆಳಿಗ್ಗೆ ನಾನೇ ಎದುರಿಗೆ ಕೂರಿಸ್ಕೊಂಡು ಕಲಿಸೋದಕ್ಕೆ ಶುರುಮಾಡಿದೆ. ಹೊಡೆದಿಲ್ಲ, ಬೈದಿಲ್ಲ. ತಪ್ಪಿದ ಕಡೆ ನಿಲ್ಲಿಸಿ ತಿದ್ದಿದೆ, ಅಷ್ಟೇ. ಈಗ ಬಾಯೇ ಬಿಡೋದಿಲ್ಲ. ಶ್ರುತಿಪೆಟ್ಟಿಗೆ ತೆಗೆದರೆ ಸಾಕು, ಹೊಟ್ಟೆನೋವು ಅಂತಾಳೆ. ಸತ್ಯವಾಗಿ ಹೇಳ್ತೀನಿ, ನಾನು ಹೊಡೆದಿಲ್ಲ ಗುರುಗಳೇ. ಅವಳನ್ನ ಮತ್ತೆ ಹಾಡಿಸೋದು ಹೇಗೆ?"

"ಹೊಡೆದಿಲ್ಲ ಎಂಬುದನ್ನು ಎರಡು ಸಲ ಹೇಳಿದೆ," ಎಂದರು ಗುರುಗಳು. "ನಾನು ಒಂದು ಸಲವೂ ಕೇಳಿರಲಿಲ್ಲ. ಇರಲಿ. ನಿನ್ನ ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಒಂದು ಕತೆ ಗೊತ್ತು. ಕೇಳು."

ಒಂದೂರಿನಲ್ಲಿ ಒಬ್ಬ ಗಾಣಿಗನಿದ್ದ. ಅವನ ಮನೆತನದಲ್ಲಿ ಎಲ್ಲ ಒಳ್ಳೆಯದೂ ಎಣ್ಣೆಯಿಂದಲೇ ಆಗಬೇಕು. ಮಗು ಹುಟ್ಟಿದರೆ ಎಣ್ಣೆ, ಅಳಿಯ ಬಂದರೆ ಎಣ್ಣೆ, ಸೊಂಟ ಹಿಡಿದರೆ ಎಣ್ಣೆ. ಗಾಣದ ಎತ್ತಿನ ಕೊಂಬಿಗೂ ಅವನು ಎಣ್ಣೆ ಸವರುತ್ತಿದ್ದ. ಪಕ್ಕದ ಮನೆಯ ಬಾಗಿಲು ಕಿರ್ರೆಂದರೆ ಅವನಿಗೆ ತಡೆಯುತ್ತಿರಲಿಲ್ಲ. ಬಟ್ಟಲು ಹಿಡಿದು ಹೋಗಿ ಕೀಲಿಗೆ ನಾಲ್ಕು ಹನಿ ಬಿಟ್ಟು ಬರುತ್ತಿದ್ದ. ಒಬ್ಬರನ್ನು ಚೆನ್ನಾಗಿ ನೋಡಿಕೊಳ್ಳುವುದು ಎಂದರೆ ಅವರಿಗೆ ಎಣ್ಣೆ ಹಚ್ಚುವುದು ಎಂದೇ ಅವನು ತಿಳಿದಿದ್ದ. ಅದು ಅವನ ತಪ್ಪಲ್ಲ. ಅವನ ಅಪ್ಪ ಅವನನ್ನು ಹಾಗೆಯೇ ನೋಡಿಕೊಂಡಿದ್ದ.

ಗಾಣಿಗನಿಗೂ ಅವನ ಹೆಂಡತಿಗೂ ಮಕ್ಕಳಿರಲಿಲ್ಲ. ಒಂದು ಗಿಳಿ ಇತ್ತು. ಗಾಳಿಗೆ ಮುರಿದು ಬಿದ್ದ ಮರದ ಪೊಟರೆಯಲ್ಲಿ ಸಿಕ್ಕಿದ ಮರಿ ಅದು. ಗಾಣಿಗ ಅದಕ್ಕೆ ಗುಟುಕು ಕೊಟ್ಟು ಸಾಕಿದ್ದ. ಪಂಜರವಿತ್ತು, ಆದರೆ ಅದರ ಬಾಗಿಲಿಗೆ ಚಿಲಕ ಹಾಕುತ್ತಿರಲಿಲ್ಲ. ಎತ್ತು ಗಾಣ ಸುತ್ತುವಾಗ ಗಿಳಿ ಗಾಣಿಗನ ಹೆಗಲ ಮೇಲೆ ಕೂತು ತಾನೂ ಸುತ್ತುತ್ತಿತ್ತು. ಅವನು ತುಟಿಯಲ್ಲಿ ಎಳ್ಳು ಹಿಡಿದರೆ ಕೊಕ್ಕಿನಿಂದ ಮೆಲ್ಲಗೆ ತೆಗೆದುಕೊಳ್ಳುತ್ತಿತ್ತು. ಅವನ ತುಟಿಗೆ ಒಂದು ದಿನವೂ ಗಾಯವಾಗಿರಲಿಲ್ಲ.

ಆ ಗಿಳಿಗೆ ಒಂದು ಚೇಷ್ಟೆಯಿತ್ತು. ಬೆಳಿಗ್ಗೆ ಹೆಂಡತಿ ಸೊಪ್ಪು ತೊಳೆದು ಮೊರದಲ್ಲಿ ಹಾಕಿಟ್ಟರೆ ಹಾರಿ ಬಂದು ಅದರೊಳಗೆ ಬೀಳುತ್ತಿತ್ತು. ಒದ್ದೆ ಸೊಪ್ಪಿನಲ್ಲಿ ಹೊರಳುತ್ತಿತ್ತು, ರೆಕ್ಕೆ ಬಡಿಯುತ್ತಿತ್ತು, ಎಲೆಯನ್ನೆಲ್ಲ ಚೆಲ್ಲಾಡುತ್ತಿತ್ತು. ಹೆಂಡತಿ ಬೈದು ಓಡಿಸುತ್ತಿದ್ದಳು. ಗಾಣಿಗ ನಗುತ್ತಿದ್ದ.

ದೀಪಾವಳಿ ಬಂತು. ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹೂವು ಕಟ್ಟಿ ನೀರು ತುಂಬಿದರು. ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಎಣ್ಣೆ ಹಚ್ಚಿಕೊಂಡು ಮಿಂದರು. ಎತ್ತಿನ ಮೈ ತೊಳೆದದ್ದೂ ಆಯಿತು. ಆಗ ಗಾಣಿಗನ ಕಣ್ಣು ಗಿಳಿಯ ಮೇಲೆ ಬಿತ್ತು. ಗಾಣದ ಮನೆಯ ಧೂಳು ಕೂತು ಅದರ ಬಣ್ಣ ಮಂಕಾಗಿತ್ತು. ವರ್ಷದ ಹಬ್ಬದ ದಿನ ಇದೊಂದು ಜೀವ ಮೀಯದೆ ಉಳಿಯಿತಲ್ಲ ಎಂದು ಅವನಿಗೆ ಸಂಕಟವಾಯಿತು.

ಹೆಂಡತಿ, "ಅದಕ್ಯಾಕ್ರೀ ಎಣ್ಣೆನೀರು? ಹಕ್ಕಿ ಅದು, ಬುಡಿ" ಎಂದಳು.

"ಹಕ್ಕಿ ಆದ್ರೇನು? ಈ ಮನೆ ಮಗ ಅಲ್ವಾ? ನಮಗೆಲ್ಲ ಆಗಿ ಇದಕ್ಕೊಂದು ಇಲ್ಲ ಅಂದ್ರೆ ನನ್ನ ಕೈಲಿ ಹಬ್ಬದೂಟ ಉಣ್ಣಕ್ಕಾಗಲ್ಲ."

ಅವನು ಮಾರುವ ಎಣ್ಣೆ ತರಲಿಲ್ಲ. ಮನೆಗೆಂದು ತೆಗೆದಿಟ್ಟಿದ್ದ ತಿಳಿಯೆಣ್ಣೆ ತಂದ. ಉಗುರುಬೆಚ್ಚಗೆ ಕಾಯಿಸಿದ. ಗಿಳಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಮಕ್ಕಳಿಗೆ ಮಾಡುವ ಹಾಗೆಯೇ ಗರಿಕೆಯನ್ನು ಎಣ್ಣೆಯಲ್ಲಿ ಅದ್ದಿ ಅದರ ನೆತ್ತಿಗೆ ಮುಟ್ಟಿಸಿ, ನೂರ್ಕಾಲ ಬಾಳು ಎಂದು ಹರಸಿದ. ಅಲ್ಲಿಯವರೆಗೂ ಗಿಳಿ ಸುಮ್ಮನಿತ್ತು. ಮುಟ್ಟುತ್ತಿರುವುದು ಅವನ ಕೈ ಎಂದು ಸುಮ್ಮನಿತ್ತು.

ಆಮೇಲೆ ಅವನು ರೆಕ್ಕೆ ಬಿಡಿಸಿ ಗರಿಗರಿಗೂ ಎಣ್ಣೆ ತೀಡಿದ. ಬಚ್ಚಲಿಗೆ ಒಯ್ದು ಚೊಂಬಿನಿಂದ ಬಿಸಿನೀರು ಹುಯ್ದ. ಸೀಗೆಪುಡಿ ಹಾಕಿ ತಿಕ್ಕಿದ. ಸೀಗೆ ಕಣ್ಣಿಗೆ ಹೋಯಿತು. ಗಿಳಿ ಕಿರುಚಿತು. ಅವನ ಹೆಬ್ಬೆರಳನ್ನು ಕಚ್ಚಿ ರಕ್ತ ಬರಿಸಿತು. ಎಣ್ಣೆನೀರಿಗೆ ಕೂರಿಸಿದರೆ ಮಕ್ಕಳೂ ಹೀಗೆಯೇ ಅಳುತ್ತವೆ, ಆಮೇಲೆ ಹಾಯಾಗಿ ನಿದ್ದೆ ಹೋಗುತ್ತವೆ ಎಂದುಕೊಂಡು ಅವನು ಇನ್ನಷ್ಟು ಬಿಗಿಯಾಗಿ ಹಿಡಿದ. ಕೋಪದಿಂದ ಹಿಡಿದಿದ್ದರೆ ಕೈಬೆರಳು ನೊಂದಾಗಲಾದರೂ ಬಿಡುತ್ತಿದ್ದನೇನೋ. ಪ್ರೀತಿಯಿಂದ ಹಿಡಿದಿದ್ದ, ಅದಕ್ಕೇ ಬಿಡಲಿಲ್ಲ.

ಮನುಷ್ಯರ ಕೂದಲಿನಿಂದ ಎಣ್ಣೆ ಹೋಗುತ್ತದೆ, ಗರಿಯಿಂದ ಹೋಗುವುದಿಲ್ಲ. ಗರಿಗಳು ಒಂದಕ್ಕೊಂದು ಅಂಟಿಕೊಂಡವು. ಗಿಳಿ ಮುದುಡಿ ನಡುಗತೊಡಗಿತು. ಗಾಣಿಗನಿಗೆ ದಿಗಿಲಾಯಿತು. ಎಣ್ಣೆ ತೆಗೆಯಬೇಕೆಂದು ಇನ್ನೊಂದು ಹಿಡಿ ಸೀಗೆಪುಡಿ ತಂದು ಮತ್ತೆ ತಿಕ್ಕಿದ, ಮತ್ತೆ ನೀರು ಹುಯ್ದ. ಹೆಂಡತಿ ಓಡಿ ಬಂದು ಅವನ ಕೈಯಿಂದ ಕಿತ್ತುಕೊಂಡಳು. ಹಳೆಯ ಸೀರೆಯಲ್ಲಿ ಸುತ್ತಿ ಒಲೆಯ ಮುಂದೆ ಇಟ್ಟುಕೊಂಡು ಕೂತಳು. ಹಬ್ಬದ ಅಡುಗೆಗೆ ಇಟ್ಟ ಬೇಳೆ ಸೀದುಹೋಯಿತು. ಆ ದಿನ ಇಬ್ಬರೂ ಉಣ್ಣಲಿಲ್ಲ.

ಗಿಳಿ ಬದುಕಿತು.

ಬದುಕಿತು, ಆದರೆ ಅವನ ಹತ್ತಿರ ಬರಲಿಲ್ಲ. ಬಚ್ಚಲಲ್ಲಿ ಚೊಂಬಿನ ಸದ್ದಾದರೆ ಪಂಜರದ ಮೂಲೆಗೆ ಹೋಗಿ ಬೀಳುತ್ತಿತ್ತು. ಕುಡಿಯುವ ನೀರನ್ನು ಅವನು ಇಟ್ಟರೆ ಮುಟ್ಟುತ್ತಿರಲಿಲ್ಲ. ಅವನು ಬರುತ್ತಿರುವುದು ಅದಕ್ಕೆ ಕಾಣುವ ಮೊದಲೇ ತಿಳಿಯುತ್ತಿತ್ತು, ಏಕೆಂದರೆ ಅವನು ಬರುವ ಮೊದಲೇ ಎಣ್ಣೆಯ ವಾಸನೆ ಬರುತ್ತಿತ್ತು. ಅದು ಗೊತ್ತಾಗಿ ಗಾಣಿಗ ಕೈ ತೊಳೆದುಕೊಂಡು ಹೋದ. ಸೀಗೆಪುಡಿ ಹಾಕಿ ತೊಳೆದುಕೊಂಡಿದ್ದ. ಪಾಪ, ಅವನಿಗೆ ಬೇರೆ ಏನು ತಾನೇ ಗೊತ್ತಿತ್ತು!

ಸೊಪ್ಪಿನ ಮೊರದ ಕಡೆಗೂ ಗಿಳಿ ಈಗ ಸುಳಿಯುತ್ತಿರಲಿಲ್ಲ. ಮೀಯದ ಮೈ ತುರಿಸತೊಡಗಿತು. ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಿತು. ಹೀಗೇ ಬಿಟ್ಟರೆ ಉಳಿಯುವುದಿಲ್ಲ, ಹೇಗಾದರೂ ಇದಕ್ಕೆ ನೀರಿನ ಭಯ ಬಿಡಿಸಬೇಕು ಎಂದು ಗಾಣಿಗ ಹಟ ಹಿಡಿದ. ಅಗಲವಾದ ಬಟ್ಟಲಿನಲ್ಲಿ ನೀರು ತಂದಿಟ್ಟು, ಬಾರಪ್ಪ, ಬಾ ರಾಜ ಎಂದು ಕರೆದ. ಬೆರಳಿನಿಂದ ಹನಿ ಚಿಮುಕಿಸಿದ. ಹಿತ್ತಾಳೆಯ ಬಟ್ಟಲು ತೆಗೆದು ಮಣ್ಣಿನದು ಇಟ್ಟ. ತಾನೇ ನೀರಲ್ಲಿ ಕೈ ಆಡಿಸಿ, ನೋಡು ಎಷ್ಟು ಚೆನ್ನಾಗಿದೆ ಎಂದು ತೋರಿಸಿದ. ಗಿಳಿ ನೀರನ್ನು ನೋಡಲೇ ಇಲ್ಲ. ಅವನ ಕೈಯನ್ನೇ ನೋಡುತ್ತಿತ್ತು.

ಕೊನೆಗೆ ಹೆಂಡತಿಗೆ ರೇಗಿತು. "ನೀವು ಹಿಂಗೆ ಯಮನಂಗೆ ಮುಂದೆ ನಿಂತಿದ್ರೆ ಅದು ಹೆಂಗೆ ಮೀಯ್ತದೆ? ಹೋಗಿ ಗಾಣ ಹೂಡಿ, ಹೋಗಿ!"

ಅವನು ಹೋದ. ಹೆಂಡತಿ ಅಗಲವಾದ ತಟ್ಟೆಯಲ್ಲಿ ತೊಳೆದ ಹರಿವೆ ಸೊಪ್ಪು ಹರಡಿ ಪಂಜರದ ಹತ್ತಿರ ಬಿಸಿಲಲ್ಲಿಟ್ಟಳು. ಕರೆಯಲಿಲ್ಲ, ತಿರುಗಿ ನೋಡಲೂ ಇಲ್ಲ. ಅಕ್ಕಿ ಆರಿಸುತ್ತ ಕೂತಳು. ದಿನಾ ಹೀಗೆಯೇ ಮಾಡಿದಳು. ಬಾಡಿದ ಸೊಪ್ಪನ್ನು ಎತ್ತಿಗೆ ಹಾಕಿ ಮರುದಿನ ಹೊಸದು ಇಡುತ್ತಿದ್ದಳು. ಮೊದಮೊದಲು ಗಿಳಿ ಬರಲಿಲ್ಲ. ಆಮೇಲೆ ತಟ್ಟೆಯ ಅಂಚಿಗೆ ಬಂದು ಒಂದು ಎಲೆ ಕಚ್ಚಿಕೊಂಡು ಓಡಿಹೋಯಿತು. ಬಹಳ ದಿನದ ಮೇಲೆ ಒಂದು ಬೆಳಿಗ್ಗೆ ಸೊಪ್ಪಿನೊಳಗೆ ಇಳಿಯಿತು. ಎದೆ ಒತ್ತಿತು, ಹೊರಳಿತು, ರೆಕ್ಕೆ ಬಡಿಯಿತು. ಹನಿ ಹಾರಿ ಅವಳ ಅಕ್ಕಿಯ ಮೇಲೆಲ್ಲ ಬಿತ್ತು.

ಅವಳಿಗೆ ತಡೆಯಲಾಗಲಿಲ್ಲ. "ಬನ್ರೀ ಇಲ್ಲಿ, ಮೀಯ್ತಾ ಐತೆ!" ಎಂದು ಕೂಗಿಬಿಟ್ಟಳು.

ಗಾಣಿಗ ಎತ್ತು ನಿಲ್ಲಿಸಿ ಓಡಿ ಬಂದ. ಬರುವಷ್ಟರಲ್ಲಿ ಗಿಳಿ ಪಂಜರದ ಮೂಲೆ ಸೇರಿತ್ತು. ತಟ್ಟೆಯಲ್ಲಿ ಸೊಪ್ಪು ಮಾತ್ರ ಅಲ್ಲಾಡುತ್ತಿತ್ತು.

ಅಂದಿನಿಂದ ಹೀಗೇ ಆಯಿತು. ಗಾಣ ಕಿರುಗುಟ್ಟುತ್ತಿರುವಷ್ಟು ಹೊತ್ತು ಗಿಳಿ ಮೀಯುತ್ತಿತ್ತು. ಗಾಣ ನಿಂತರೆ ಅವನು ಬರುತ್ತಾನೆ ಎಂದು ಅದು ಕಲಿತುಕೊಂಡಿತ್ತು. ಆ ಸದ್ದು ನಿಂತ ಕೂಡಲೇ ಅದೂ ನಿಲ್ಲಿಸುತ್ತಿತ್ತು. ಇದನ್ನು ಗಾಣಿಗ ಕಂಡುಕೊಂಡ. ಆಮೇಲೆ ಅವನು ಎತ್ತನ್ನು ನಿಲ್ಲಿಸುತ್ತಿರಲಿಲ್ಲ. ಅದು ತನ್ನ ಪಾಡಿಗೆ ಸುತ್ತುತ್ತಿರಲು ಬಿಟ್ಟು, ಮೆಲ್ಲಗೆ ಬಂದು ಗಾಣದ ಮನೆಯ ಗೋಡೆಯ ಬಿರುಕಿಗೆ ಕಣ್ಣಿಟ್ಟು ನಿಲ್ಲುತ್ತಿದ್ದ.

ಗಿಳಿಯ ಗರಿ ಮತ್ತೆ ಹುಟ್ಟಿತು. ಒದ್ದೆ ಸೊಪ್ಪಿನಲ್ಲಿ ಅದು ಹೊರಳುವುದನ್ನು ನೋಡುತ್ತ ನೋಡುತ್ತ ಒಂದು ದಿನ ಅವನಿಗೆ ಹೊಳೆಯಿತು. ಅಯ್ಯೋ, ಇದು ಮೊದಲೂ ಮೀಯುತ್ತಿತ್ತಲ್ಲ! ದಿನಾ ಮೀಯುತ್ತಿತ್ತು, ನನ್ನ ಕಣ್ಣೆದುರಿಗೇ ಮೀಯುತ್ತಿತ್ತು. ಅದರಲ್ಲಿ ನನ್ನ ಎಣ್ಣೆ ಇರಲಿಲ್ಲ, ಅದಕ್ಕೇ ಅದನ್ನು ಸ್ನಾನ ಎಂದು ನಾನು ತಿಳಿಯಲಿಲ್ಲ. ಅವನು ಗೋಡೆಗೆ ಹಣೆ ಒತ್ತಿ ಅತ್ತ. ಅಳುವ ಸದ್ದು ಆಚೆ ಕೇಳಿಸದಂತೆ ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡ. ಆ ಹೆಗಲ ಮೇಲೆ ಹಿಂದೆ ಗಿಳಿ ಕೂರುತ್ತಿತ್ತು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮರುಳಸಿದ್ದಪ್ಪ ತಲೆ ತಗ್ಗಿಸಿ ಕೂತಿದ್ದ. ತಲೆ ಎತ್ತದೆಯೇ, "ಆ ಗಿಳಿ ಮತ್ತೆ ಅವನ ಹೆಗಲಿಗೆ ಬರಲೇ ಇಲ್ಲವೇ?" ಎಂದು ಕೇಳಿದ.

"ಬಂತು ಎಂದು ಸೇರಿಸಿ ಹೇಳುವವರಿದ್ದಾರೆ. ನನಗೆ ಕತೆ ಹೇಳಿದವರು ಸೇರಿಸಲಿಲ್ಲ."

ಮರುಳಸಿದ್ದಪ್ಪ ಕಣ್ಣೊರೆಸಿಕೊಂಡು ದಡಬಡನೆ ಎದ್ದ. "ಅಪ್ಪಣೆ ಆಗಲಿ ಗುರುಗಳೇ, ಹೊರಡ್ತೀನಿ. ಈಗಲೇ ಹೋಗಿ ಚೆನ್ನಾಜಿನ ಎದುರಿಗೆ ಕೂರಿಸ್ಕೊಂಡು ಹೇಳ್ತೀನಿ, ಇನ್ನು ಮೇಲೆ ನಿನಗೆ ಇಷ್ಟ ಬಂದ ಹಾಗೆ ಹಾಡಮ್ಮ ಅಂತ."

ಗುರುಗಳು ಅವನ ಮುಖವನ್ನೇ ನೋಡಿ ಮೆಲ್ಲಗೆ ಹೇಳಿದರು:

"ಇನ್ನೂ ಸ್ವಲ್ಪ ಹೊತ್ತು ಇಲ್ಲೇ ಕೂತಿರು ಮರುಳಸಿದ್ದಪ್ಪ, ಈಗ ಅವಳು ಮನೆಯಲ್ಲಿ ಹಾಡುತ್ತಿರುತ್ತಾಳೆ."