ಏನನ್ನೂ ಬಿಡದ ಕ್ಯಾಮೆರಾ

"ಅವ್ವಾ, ಕಷ್ಟ ಹೇಳಿಕೊಳ್ಳಲು ಬಂದವರ ಒಂದು ಮಾತನ್ನೂ ನಾನು ಬಿಡುವುದಿಲ್ಲ. ಅವರು ಹೇಳಿದ್ದನ್ನೆಲ್ಲ ಆಗಿಂದಾಗಲೇ ಲ್ಯಾಪ್‌ಟಾಪಿಗೆ ಏರಿಸುತ್ತೇನೆ. ಆದರೂ ಅರ್ಧ ಹೇಳಿ ಎದ್ದುಹೋಗುತ್ತಾರೆ. ಯಾಕೆ?"

ಆಶ್ರಮದ ಹಿರಿಯ ತಾಯಿಯನ್ನು ಶಿಷ್ಯ ಹೀಗೆ ಕೇಳಿದ. ಬತ್ತಿ ಹೊಸೆಯುತ್ತಿದ್ದ ಆಕೆ ಕೈ ನಿಲ್ಲಿಸಿದರು.

"ಕೂತ್ಕೋ ಮಗಾ, ಒಂದು ಕತೆ ಹೇಳ್ತೀನಿ."

ಒಂದು ಊರಿನಲ್ಲಿ ಒಬ್ಬ ಫೋಟೋದವನಿದ್ದ. ಕೈಯಲ್ಲಿ ಕಸುಬಿತ್ತು, ಮನಸ್ಸೂ ಕೆಟ್ಟದ್ದಲ್ಲ. ಅವನೊಂದು ಭಾರಿ ಕ್ಯಾಮೆರಾ ತಂದ. ಮುಖ ತೆಗೆದರೆ ರೆಪ್ಪೆಯ ಒಂದೊಂದು ಕೂದಲೂ ಬೇರೆ ಬೇರೆ ಕಾಣುವಂಥದ್ದು. ಅದಕ್ಕೊಂದು ಕೇಬಲ್ಲು, ಕೇಬಲ್ಲು ಕಳಚದಂತೆ ಒಂದು ಕ್ಲಿಪ್ಪು, ಆ ತುದಿಗೆ ಲ್ಯಾಪ್‌ಟಾಪು. ತೆಗೆದ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಗೆ ಬರುತ್ತಿತ್ತು. ಬೆಳಕು ಹೊಂದಿಸುವುದು, ಕಡೆಗೆ ಕ್ಲಿಕ್ ಮಾಡುವುದೂ ಅಲ್ಲಿಂದಲೇ. ಕ್ಯಾಮೆರಾ ಮುಟ್ಟುವ ಕೆಲಸವೇ ಇಲ್ಲ. ಲ್ಯಾಪ್‌ಟಾಪಿನ ಮೇಜು ಕ್ಯಾಮೆರಾದ ಹಿಂದೆ, ಗೋಡೆಗೆ ಒತ್ತಿಕೊಂಡಿತ್ತು.

"ಇದು ಏನನ್ನೂ ಬಿಡಲ್ಲ" ಎಂದು ಬಂದವರ ಮುಂದೆಲ್ಲ ಬೀಗುತ್ತಿದ್ದ.

ಒಂದು ದಿನ ಒಬ್ಬ ಹೆಂಗಸು ಬಂದಳು. ಮಾರನೆಯ ದಿನ ಅವಳ ಅರ್ಧ ದವಡೆ ತೆಗೆದುಹಾಕುವ ಆಪರೇಷನ್ನು.

"ನಾಳೆಯಿಂದ ಈ ಮುಖ ಇರಲ್ಲಣ್ಣ. ನನ್ ಮಗಳಿಗೆ ನನ್ನ ನಗು ಒಂದಾದ್ರೂ ಇರ್ಲಿ."

ಫೋಟೋದವನು ಇವಳ ಚಿತ್ರಕ್ಕೆ ಒಂದಿಷ್ಟೂ ಕುಂದು ಬರಬಾರದು ಎಂದುಕೊಂಡ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿದ, ಲೈಟಿಗೆ ಸಿಕ್ಕಿಸುವ ಬೆಳಕಿನ ಕೊಡೆ ನಿಲ್ಲಿಸಿದ, ಹೋಗಿ ಪರದೆಯ ಮುಂದೆ ಕುಳಿತ.

ಅವಳು ನಕ್ಕಳು. "ಸರಿ ಬಂತಾ ಅಣ್ಣ?"

"ಅಲುಗಾಡಬೇಡಿ ತಾಯಿ, ಕೆನ್ನೆ ಮೇಲೆ ನೆರಳು ಬೀಳ್ತಿದೆ" ಎಂದ, ಪರದೆಗೆ.

"ಒಂದ್ಸಲ ಈ ಕಡೆ ತಿರುಗಿ ಹೇಳಣ್ಣ. ಗೋಡೆ ಮುಂದೆ ನಕ್ಕಂಗಾಗ್ತಿದೆ."

"ನಂಗೆ ಇಲ್ಲೇ ಎಲ್ಲಾ ಕಾಣ್ಸುತ್ತೆ. ನೀವು ನಗ್ತಾ ಇರಿ."

ಅವಳು ನಗುತ್ತಾ ಇದ್ದಳು.

ಅವಳು ಹೋದ ಮೇಲೆ, ಪ್ರಿಂಟ್ ಹಾಕುವ ಮುನ್ನ, ಶಾರ್ಪಾಗಿದೆಯೇ ಎಂದು ಅವಳ ಕಣ್ಣನ್ನು ದೊಡ್ಡದು ಮಾಡಿ ನೋಡಿದ. ಕಪ್ಪು ಗುಡ್ಡೆಯಲ್ಲಿ ಬೆಳಕಿನ ಕೊಡೆ ಕಂಡಿತು. ಕ್ಯಾಮೆರಾ ಕಂಡಿತು. ಅದರ ಹಿಂದೆ ಒಂದು ಬೆನ್ನು ಕಂಡಿತು, ತನ್ನದೇ ಚೌಕಳಿ ಅಂಗಿ ತೊಟ್ಟದ್ದು. ಇನ್ನೊಂದು ಚಿತ್ರ ತೆರೆದ. ಅಲ್ಲೂ ಬೆನ್ನು. ಮತ್ತೊಂದರಲ್ಲೂ ಅದೇ. ಅಷ್ಟು ದೊಡ್ಡ ಭಯ ಹೊತ್ತು ಬಂದವಳು ಅಷ್ಟು ಹೊತ್ತೂ ಒಂದು ಬೆನ್ನಿಗೆ ನಕ್ಕಿದ್ದಳು. ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ. ಆದರೂ ಲ್ಯಾಪ್‌ಟಾಪು ಮುಚ್ಚಿದ.

ಬೆಳಕು ಹರಿಯುತ್ತಲೇ ಆಸ್ಪತ್ರೆಗೆ ಓಡಿದ. ಕೈಯಲ್ಲಿ ಪ್ರಿಂಟು, ಹೆಗಲಲ್ಲಿ ಕೇಬಲ್ಲಿಲ್ಲದ ಹಳೆಯ ಸಣ್ಣ ಕ್ಯಾಮೆರಾ. ಎದುರಿಗೆ ಕೂತು, ಎರಡು ಮಾತಾಡಿ, ಇನ್ನೊಂದು ತೆಗೆಯುತ್ತೇನೆ ಎಂಬ ಆಸೆ. ಮಂಚ ಖಾಲಿಯಿತ್ತು. ಅವಳನ್ನು ಆಗಲೇ ಒಳಗೆ ಕರೆದುಕೊಂಡು ಹೋಗಿದ್ದರು. ಹೊರಗೆ ಬೆಂಚಿನ ಮೇಲಿದ್ದ ಮಗಳು ಚಿತ್ರ ಇಸಕೊಂಡು ಬಹಳ ಹೊತ್ತು ನೋಡಿದಳು.

"ಮಾಮಾ, ಅಮ್ಮ ಇದ್ರಲ್ಲಿ ಯಾರನ್ನ ಕರೀತಿದ್ದಾಳೆ?"



ಹಿರಿಯ ತಾಯಿ ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಅಷ್ಟು ಹೊತ್ತೂ ಕತೆಯನ್ನು ಲ್ಯಾಪ್‌ಟಾಪಿಗೆ ಏರಿಸುತ್ತಿದ್ದ ಶಿಷ್ಯನ ಬೆರಳುಗಳು ನಿಂತವು. ಆಕೆ ಮತ್ತೆ ಬತ್ತಿ ಕೈಗೆತ್ತಿಕೊಂಡು ಕೇಳಿದರು:

"ನಿನ್ನೆ ನಿನ್ನ ಮುಂದೆ ಅತ್ತು ಎದ್ದುಹೋದಳಲ್ಲ, ಅವಳ ಕಣ್ಣಲ್ಲಿ ನಿನ್ನ ಮುಖ ಇತ್ತೋ ಮಗಾ, ನೆತ್ತಿ ಇತ್ತೋ?"