ಹಿಂಡಿ ಹಿಡಿದ ಕೈ

“ಗುರುಗಳೇ, ಉಂಡ ಮನೆಯ ಜಂತೆ ಎಣಿಸಬಹುದೇ?” ಎಂದು ಶಿವಲೀಲಾ ಕೇಳಿದಳು.

ಎಣಿಸಬಾರದೆಂದು ಗಾದೆಯೇ ಇದೆ. ಅದು ಅವಳಿಗೂ ಗೊತ್ತು. ಆದರೂ ಕೇಳಲೆಂದೇ ದೂರದ ಪಟ್ಟಣದಿಂದ ಮಠಕ್ಕೆ ಬಂದಿದ್ದಳು. ತಾನೇ ಯೋಚಿಸಿ ತಾನೇ ನಡೆಯುವ ಯಂತ್ರಗಳನ್ನು ಮಾಡುವ ಸಂಸ್ಥೆಯೊಂದು ಅವಳನ್ನು ಅತಿಥಿ ಸಂಶೋಧಕಿಯಾಗಿ ಕರೆಸಿಕೊಂಡಿತ್ತು. ಆ ಯಂತ್ರಗಳನ್ನು ಜನರ ನಡುವೆ ಬಿಡಬಹುದೇ ಎಂದು ನೋಡಿ ಹೇಳುವುದು ಅವಳ ಕೆಲಸ. ಇರಲು ಮನೆ ಕೊಟ್ಟಿದ್ದರು, ಮನೆಮಗಳಂತೆ ನೋಡಿಕೊಂಡಿದ್ದರು, ಮುಂದಿನ ವರ್ಷವೂ ಬಾ ಎಂದಿದ್ದರು. ನಾಳೆ ಎಲ್ಲರೆದುರು ಅವಳು ತನ್ನ ಅಭಿಪ್ರಾಯ ಹೇಳಬೇಕು. ಅವಳು ಒಪ್ಪಿದರೆ ಯಂತ್ರಗಳು ಬೀದಿಗೆ ಇಳಿಯುತ್ತವೆ. ಆದರೆ ಪರೀಕ್ಷೆಯ ಹೊತ್ತಿನಲ್ಲಿ ಯಂತ್ರ ಒಂದು ಬಗೆ, ಉಳಿದ ಹೊತ್ತಿನಲ್ಲಿ ಇನ್ನೊಂದು ಬಗೆ ನಡೆದುಕೊಳ್ಳುವುದನ್ನು ಅವಳು ಕಂಡಿದ್ದಳು. ಹೇಳಿದರೆ ಅವರ ವರ್ಷಗಳ ದುಡಿಮೆ ನಿಲ್ಲುತ್ತದೆ. ಹೇಳದಿದ್ದರೆ ಏನಾದೀತು ಎಂದು ಯೋಚಿಸಲು ಅವಳಿಗೆ ಭಯ.

ಅವಳು ಕೂತಲ್ಲಿ ಕೂರಲಾರದೆ ಪಡಸಾಲೆಯ ಉದ್ದಕ್ಕೂ ಓಡಾಡುತ್ತಿದ್ದಳು.

“ಮೊದಲು ಕೂತುಕೋ,” ಎಂದರು ಗುರುಗಳು. “ನೀನು ಹೀಗೆ ಸುತ್ತುತ್ತಿದ್ದರೆ ನಾನು ಕತೆ ಯಾರಿಗೆ ಹೇಳಲಿ, ಕಂಬಕ್ಕೇ?”

ಅವಳು ಕೂತಳು. ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನು ಒಂದು ಜೋಡಿ ಎತ್ತುಗಳನ್ನು ಪಳಗಿಸಿದ. ಗಾಡಿ ಹೊಡೆಯುವವನಿಲ್ಲದೆಯೇ ಅವು ಉಗ್ರಾಣದಿಂದ ಹೊರಟು, ಪೇಟೆಯ ಬೀದಿ ದಾಟಿ, ಹೊಳೆಯ ದಂಡೆಗೆ ಮೂಟೆ ಮುಟ್ಟಿಸಿ ಬರುತ್ತಿದ್ದವು. ವರ್ತಕ ಕೆಟ್ಟವನಲ್ಲ. ಬೀದಿಯಲ್ಲಿ ಮಕ್ಕಳು ಮುದುಕರು ಓಡಾಡುತ್ತಾರೆ, ಅಡ್ಡ ಬಂದವರನ್ನು ಕಂಡು ಎತ್ತುಗಳು ನಿಲ್ಲುತ್ತವೆಯೇ ಎಂಬ ಅಳುಕು ಅವನಿಗಿತ್ತು. ಅದಕ್ಕೇ ಪರವೂರಿನಿಂದ ಒಬ್ಬ ಪರೀಕ್ಷಕನನ್ನು ಕರೆಸಿದ.

“ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಎತ್ತಿನ ತಪ್ಪು ನನ್ನ ಕಣ್ಣಿಗೆ ಕಾಣೂದಿಲ್ರಿ. ನೀವು ನೋಡಿ ಹೇಳ್ರಿ,” ಎಂದ.

ಪರೀಕ್ಷಕ ದನಗಳ ನಡತೆ ಬಲ್ಲವನು. ವರ್ತಕನ ಮನೆಯಲ್ಲೇ ಇಳಿದುಕೊಂಡ. ದಿನವೂ ಬಾಳೆಲೆ, ಹೋಳಿಗೆ, ಅದರ ಮೇಲೆ ತುಪ್ಪ. ವರ್ತಕನ ಹೆಂಡತಿ ಅಣ್ಣಾ ಎಂದು ಕರೆದು ಬಡಿಸುತ್ತಿದ್ದಳು. ಅವನೂ ಸುಮ್ಮನೆ ಉಂಡು ಮಲಗಲಿಲ್ಲ. ಬೀದಿಯ ನಡುವೆ ಒಂದು ಹುಲ್ಲಿನ ಬೊಂಬೆ ನಿಲ್ಲಿಸಿ, ತಾನು ಪಕ್ಕದಲ್ಲಿ ನಿಂತ. ಮೊದಲ ದಿನ ಎತ್ತುಗಳು ಹೊಸ ಮುಖ ಕಂಡು ನಿಂತವು. ಅವನು ಕುತ್ತಿಗೆ ಸವರಿ ಒಂದೊಂದು ಹಿಡಿ ಶೇಂಗಾ ಹಿಂಡಿ ತಿನ್ನಿಸಿದ. ದನ ಸಾಕಿದವರಿಗೆಲ್ಲ ಇರುವ ರೂಢಿ ಅದು. ಹೇಳಿದಂತೆ ಕೇಳಿದ ಮೂಕಪ್ರಾಣಿಗೆ ಬರಿಗೈ ತೋರಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಮರುದಿನವೂ ಎತ್ತುಗಳು ನಿಂತವು, ಮರುದಿನವೂ ಹಿಂಡಿ ತಿಂದವು. ಹೀಗೇ ನಡೆಯಿತು.

ಹೊರಡುವ ಹಿಂದಿನ ದಿನ ಅವನಿಗೆ ಯಾಕೋ ಸಮಾಧಾನವಿರಲಿಲ್ಲ. ಬೊಂಬೆ ನಿಲ್ಲಿಸಿ ತಾನು ಬೇಲಿಯ ಮರೆಗೆ ಸರಿದ. ಎತ್ತುಗಳು ಬಂದವು. ಹಿಂಡಿ ಕೊಡುವವನು ಕಾಣಲಿಲ್ಲ. ಬೊಂಬೆಯನ್ನು ತುಳಿದುಕೊಂಡು ಮುಂದೆ ಹೋದವು.

ಪರೀಕ್ಷಕನಿಗೆ ಈಗ ತಿಳಿಯಿತು. ಇಷ್ಟು ದಿನ ಅವು ನಿಂತದ್ದು ದಾರಿಯಲ್ಲಿದ್ದ ಬೊಂಬೆಯನ್ನು ಕಂಡಲ್ಲ, ತನ್ನ ಕೈಯನ್ನು ಕಂಡು. ಹಾಗೆ ಕಲಿಸಿದವನೂ ತಾನೇ.

ಮನೆಗೆ ಬಂದರೆ ಬೀಳ್ಕೊಡುವ ಅಡುಗೆ ನಡೆದಿತ್ತು. ಶಾಲು ತಂದಿಟ್ಟಿದ್ದರು. ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. “ಅಣ್ಣಾ, ಇನ್ನೊಂದು ಹೋಳಿಗಿ ಹಾಕ್ಲೇನು?” ಎಂದಳು ವರ್ತಕನ ಹೆಂಡತಿ. ಅವನು ಬಾಯಿ ಮುಚ್ಚಿಕೊಂಡ. ಉಂಡ ಮನೆಯ ಜಂತೆ ಎಣಿಸುವುದು ಹೇಗೆ ಎಂದುಕೊಂಡ.

ಮರುದಿನ ಊರವರೆದುರು ವರ್ತಕ ಕೇಳಿದ. “ನಿಂದ್ರತಾವೋ ಇಲ್ಲೋ, ಹೇಳಿಬಿಡ್ರಿ.”

“ನಾ ನಿಂತಲ್ಲೆಲ್ಲಾ ಅವೂ ನಿಂತಾವ್ರಿ,” ಎಂದ ಪರೀಕ್ಷಕ.

ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅದರ ಕೇಡು. ಜನ ಚಪ್ಪಾಳೆ ತಟ್ಟಿದರು, ವರ್ತಕ ಶಾಲು ಹೊದಿಸಿದ. ಪರೀಕ್ಷಕ ತನ್ನೂರಿನ ದಾರಿ ಹಿಡಿದ. ಬೆನ್ನ ಹಿಂದೆ ಎತ್ತಿನ ಗಂಟೆ ಕೇಳಿದಂತಾಗಿ ಮತ್ತೆ ಮತ್ತೆ ತಿರುಗಿ ನೋಡುತ್ತ, ಬದಿಗೆ ಸರಿಯುತ್ತ ನಡೆದ. ಹಿಂದೆ ಯಾವ ಗಾಡಿಯೂ ಇರಲಿಲ್ಲ.

ಇತ್ತ ವರ್ತಕನಿಗೆ ಅಳುಕು ಹೋಗಿತ್ತು. ಅತಿಥಿಯ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬಿದವನು ಅವನೇ. ಒಂದು ಬೆಳಿಗ್ಗೆ ಬೀದಿಯ ನಡುವೆ ಗೆಳೆಯನೊಡನೆ ಮಾತಾಡುತ್ತ ನಿಂತಿದ್ದ. ಹಿಂದಿನಿಂದ ತನ್ನದೇ ಎತ್ತುಗಳ ಗಂಟೆ ಕೇಳಿತು. ಗೆಳೆಯ ಬದಿಗೆ ಜಿಗಿದು, ಪಕ್ಕಕ್ಕೆ ಸರಿ ಸರಿ ಎಂದು ಕೂಗಿದ. ವರ್ತಕ ನಕ್ಕ.

“ಹೆದರಬ್ಯಾಡೋ, ನಿಂದ್ರತಾವ,” ಎಂದ. ತಿರುಗಿಯೂ ನೋಡಲಿಲ್ಲ.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿವಲೀಲಾ ಯಾವಾಗಲೋ ಎದ್ದು ನಿಂತಿದ್ದಳು.

“ಆದರೆ ಗುರುಗಳೇ, ಅವನು ಅವರ ಅನ್ನ ಉಂಡಿದ್ದನಲ್ಲ,” ಎಂದಳು.

“ಮಗಳೇ, ಅವರು ಅವನನ್ನು ಕರೆದದ್ದೇ ಜಂತೆ ಎಣಿಸಲಿಕ್ಕೆ. ಅನ್ನ ಹಾಕಿದ್ದು ಎಣಿಸುವವನಿಗೆ ಹಸಿವಾಗದಿರಲಿ ಎಂದು.”