ಎದುರಾಳಿಯ ಬಾಯಲ್ಲಿ ಹೊಗಳಿಕೆ

ಹಾಲಿನ ಸೊಸೈಟಿ ಅಧ್ಯಕ್ಷ ಉಗ್ರೇಗೌಡರು ಗುಮಾಸ್ತನ ಮೇಲೆ ಗುಡುಗಿದರು: "ನಾಳೆ ಚುನಾವಣೆ ಸಭೆ. ಭಾಷಣ ನನ್ನನ್ನ ಆಕಾಶಕ್ಕೆ ಏರಿಸ್ಬೇಕು. ಆದ್ರೆ ಜಂಬ ಕೊಚ್ಚಿದ ಹಾಗೆ ಕಂಡ್ರೆ ನಿನ್ನ ಕೆಲಸ ಹೋಯ್ತು!"

ಎದುರಾಳಿ ಚಲುವಯ್ಯನವರ ಭಾಷಣ ಬರೆಯುವವನೂ ಅವನೇ. ಅವರ ಅಪ್ಪಣೆಯೂ ಇದೇ. ಹಾಳೆಯನ್ನು ಮೊದಲೇ ಓದಿಕೊಳ್ಳುವ ಅಭ್ಯಾಸ ಮಾತ್ರ ಇಬ್ಬರಿಗೂ ಇರಲಿಲ್ಲ.

ಚಲುವಯ್ಯ ಮೈಕಿನ ಮುಂದೆ ಹಾಳೆ ಬಿಡಿಸಿ ಓದಿದರು: "ಉಗ್ರೇಗೌಡರಂಥ ಧರ್ಮಾತ್ಮರು ಈ ಸೀಮೆಯಲ್ಲೇ ಇಲ್ಲ..."

ಓದುತ್ತಿದ್ದ ಚಲುವಯ್ಯನವರ ಮುಖ ಬಿಳಿಚಿಕೊಂಡಿತು. ಗೌಡರು ಕುರ್ಚಿಯಲ್ಲೇ ಕಲ್ಲಾದರು. ಜನ ಚಪ್ಪಾಳೆಯೋ ಚಪ್ಪಾಳೆ! ಗೌಡರು ತಮ್ಮ ಸರದಿಗೆ ಹಾಳೆ ಬಿಡಿಸಿದರೆ, ಅದರ ತುಂಬ ಚಲುವಯ್ಯನವರ ಗುಣಗಾನ. ಸ್ವಂತ ಮಾತು ಬಾರದು. ಬೆವರುತ್ತ ಓದಿದರು.

ವೇದಿಕೆ ಇಳಿದವರೇ ಗುಮಾಸ್ತನ ಕೊರಳಪಟ್ಟಿ ಹಿಡಿದರು.

"ನಿಮ್ಮ ಬಾಯಲ್ಲೇ ಬಂದಿದ್ರೆ ಜಂಬ ಆಗ್ತಿತ್ತಲ್ಲ, ಗೌಡ್ರೇ?"

ಗೌಡರ ಕೈ ಸಡಿಲವಾಯಿತು. ಅತ್ತಿತ್ತ ನೋಡಿ ಪಿಸುಗುಟ್ಟಿದರು: "ಮುಂದಿನ ಸಭೇಗೂ ಅವನ ಭಾಷಣ ನೀನೇ ಬರೀತೀಯ ತಾನೇ?"